‘ಇಂದ’ ಮಾಡಿದ ಅಪರಾಧ

ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಾಗಿನ ಮಾತು. ಜ್ವರ ಬಂದು ಮಲಗಿದ್ದಳು. ‘ಸೋಮವಾರದಿಂದ ಜ್ವರ ಇದೆ’ ಎಂದು ನಾನೇ ಇಂಗ್ಲಿಷಿನಲ್ಲಿ ರಜೆ ಚೀಟಿ ಬರೆದು, ಪಕ್ಕದ ಮನೆ ಹುಡುಗಿಯ ಕೈಲಿ ಶಾಲೆಗೆ ಕಳಿಸಿದೆ. ಜ್ವರ ಬಿಟ್ಟು ಶಾಲೆಗೆ ಹೋದ ದಿನ ಸಂಜೆ ಆ ಚೀಟಿ ವಾಪಸು ಬಂತು. ನಾನು ಬರೆದಿದ್ದ ‘ಫ್ರಮ್ ಮಂಡೇ’ಯ ‘ಫ್ರಮ್’ಗೆ ಕೆಂಪು ಶಾಯಿಯ ಸುತ್ತು, ಅದರ ಮೇಲೆ ‘ಸಿನ್ಸ್’. ಅಷ್ಟೇ ಆಗಿದ್ದರೆ ತಿದ್ದಿಕೊಂಡು ಸುಮ್ಮನಾಗುತ್ತಿದ್ದೆ. ಟೀಚರು ಅದನ್ನು ಕ್ಲಾಸಿನಲ್ಲಿ ಓದಿ ಮಕ್ಕಳನ್ನು ನಗಿಸಿದ್ದರಂತೆ. “ಇನ್ಮೇಲೆ ಚೀಟಿ ಅಪ್ಪಾನೇ ಬರೀಲಿ ಅಮ್ಮ” ಎಂದಳು ಮಗಳು, ನನ್ನ ಮುಖ ನೋಡದೆ.

ನಾನು ಬರೆದದ್ದು ತಪ್ಪು, ಒಪ್ಪುತ್ತೇನೆ. ಆದರೆ ಅದು ದಡ್ಡತನದಿಂದ ಆದ ತಪ್ಪಲ್ಲ. ನನ್ನ ಭಾಷೆಯ ಕ್ರಮವನ್ನು ನಿಷ್ಠೆಯಿಂದ ಪಾಲಿಸಿದ್ದರಿಂದ ಆದ ತಪ್ಪು. ಈ ಎರಡಕ್ಕೂ ಇರುವ ವ್ಯತ್ಯಾಸ ಗೊತ್ತಿಲ್ಲದವರು ಭಾಷೆ ಕಲಿಸಲು ನಿಲ್ಲಬಾರದು.

ನಮ್ಮ ‘ಇಂದ’ವನ್ನೇ ನೋಡಿ. ಮೈಸೂರಿನಿಂದ ಬಂದೆ, ಚಾಕುವಿನಿಂದ ಹೆಚ್ಚಿದೆ, ಅವಳಿಂದ ಕೆಲಸವಾಯಿತು, ಸೋಮವಾರದಿಂದ ಜ್ವರ, ಮೂರು ದಿನದಿಂದ ಜ್ವರ. ಐದು ಕಡೆಗೂ ಒಂದೇ ಪ್ರತ್ಯಯ. ಇಂಗ್ಲಿಷಿಗೆ ಹೋದರೆ ಕ್ರಮವಾಗಿ ಫ್ರಮ್, ವಿತ್, ಬೈ, ಸಿನ್ಸ್, ಫಾರ್ ಎಂದು ಐದು ಬೇರೆ ಬೇರೆ ಪದಗಳು ಬೇಕು. ಹಾಗೆಯೇ ಡಬ್ಬಿಯಲ್ಲಿ ಸಕ್ಕರೆ, ಗೋಡೆಯಲ್ಲಿ ಗಡಿಯಾರ, ಬಸ್‌ಸ್ಟ್ಯಾಂಡಿನಲ್ಲಿ ನಾನು ಎನ್ನಲು ನಮಗೆ ಒಂದು ‘ಅಲ್ಲಿ’ ಸಾಕು. ಅವರಿಗೆ ಇನ್, ಆನ್, ಅಟ್ ಮೂರೂ ಬೇಕು. ನಾಮಪದಕ್ಕೂ ವಾಕ್ಯದ ಉಳಿದ ಭಾಗಕ್ಕೂ ನಂಟು ಹಾಕುವುದೇ ಪ್ರಿಪೊಸಿಷನ್ನಿನ ಕೆಲಸ. ಅದು ನಾಮಪದದ ಮುಂದೆ ಬಂದು ನಿಲ್ಲುತ್ತದೆ. ನಮ್ಮ ವಿಭಕ್ತಿ ಪ್ರತ್ಯಯ ಬೆನ್ನಿಗೆ ಅಂಟಿಕೊಳ್ಳುತ್ತದೆ. ಕೆಲಸ ಅದೇ, ಜಾಗ ಬೇರೆ, ಹಂಚಿಕೆ ಬೇರೆ. ಇಷ್ಟನ್ನು ಶಾಲೆಯಲ್ಲಿ ನನಗೆ ಯಾರೂ ಹೇಳಲಿಲ್ಲ. ಬೋರ್ಡಿನ ಮೇಲೆ ಪಟ್ಟಿ ಬರೆದು ಬಾಯಿಪಾಠ ಮಾಡಿಸಿದರು, ಬಿಟ್ಟ ಸ್ಥಳ ತುಂಬಿಸಿದರು, ಮುಗಿಯಿತು.

‘ಇಂಗ್ಲಿಷಿಗೆ ನಿಯಮವಿದೆ, ಕಲಿತುಕೊಳ್ಳಿ’ ಎನ್ನುವವರುಂಟು. ನಿಯಮವಿರುವ ಕಡೆ ಕಲಿಯೋಣ. ಶುರುವಾದ ದಿನ ಹೇಳಿ, ಇನ್ನೂ ಮುಗಿದಿಲ್ಲ ಎನ್ನುವುದಾದರೆ ‘ಸಿನ್ಸ್’. ಎಷ್ಟು ಕಾಲ ಎಂದು ಹೇಳುವುದಾದರೆ ‘ಫಾರ್’. ಎರಡು ನಿಮಿಷದ ಪಾಠ. ಆದರೆ ಬೆಳಿಗ್ಗೆಗೆ ‘ಇನ್’, ರಾತ್ರಿಗೆ ‘ಅಟ್’ ಯಾಕೆ? ಕಾರಿಗೆ ‘ಇನ್’, ಬಸ್ಸಿಗೆ ‘ಆನ್’ ಯಾಕೆ? ಗಂಡನ ‘ಜೊತೆ’ ಮದುವೆಯಾದವಳು ‘ಮ್ಯಾರೀಡ್ ವಿತ್’ ಎಂದರೆ ತಪ್ಪು, ‘ಮ್ಯಾರೀಡ್ ಟು’ ಎನ್ನಬೇಕು. ಇದು ಯಾವ ತರ್ಕ? ತರ್ಕವಲ್ಲ ಕಣ್ರೀ, ರೂಢಿ. ವಾರದ ಕೊನೆಗೆ ಇಂಗ್ಲೆಂಡಿನವರು ‘ಅಟ್’ ಎನ್ನುತ್ತಾರೆ, ಅಮೆರಿಕದವರು ‘ಆನ್’ ಎನ್ನುತ್ತಾರೆ. ಅವರಿಬ್ಬರಲ್ಲಿ ಯಾರ ಚೀಟಿಗೆ ಕೆಂಪು ಸುತ್ತು ಹಾಕುತ್ತೀರಿ?

ಇನ್ನೊಂದು ವಿಷಯ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲೂ ನಾಮಪದಗಳಿಗೆ ವಿಭಕ್ತಿ ಪ್ರತ್ಯಯಗಳಿದ್ದವು. ಬರಬರುತ್ತಾ ಅವು ಸವೆದುಹೋದವು. ಅವುಗಳ ಹೊರೆ ಈ ಪುಟ್ಟ ಪದಗಳ ಮೇಲೂ, ವಾಕ್ಯದಲ್ಲಿ ಪದಗಳು ನಿಲ್ಲುವ ಸರದಿಯ ಮೇಲೂ ಬಿತ್ತು. ಅಂದರೆ ಅವರು ಕಳೆದುಕೊಂಡದ್ದನ್ನು ನಾವು ಇನ್ನೂ ಉಳಿಸಿಕೊಂಡಿದ್ದೇವೆ. 13ನೇ ಶತಮಾನದಲ್ಲೇ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ನಮ್ಮ ವಿಭಕ್ತಿಗಳನ್ನು ವಿವರಿಸಿಟ್ಟಿದ್ದಾನೆ. ಆ ವಿಭಕ್ತಿ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಪ್ರಿಪೊಸಿಷನ್ ಕಲಿಸಿದರೆ ನಮ್ಮ ಮಕ್ಕಳಿಗೆ ಅರ್ಧ ಕಷ್ಟ ತಪ್ಪುತ್ತದೆ. ಆದರೆ ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಆಡಿದರೆ ದಂಡ ಹಾಕುವ ಶಾಲೆಗಳಿಗೆ ಇದನ್ನು ಹೇಳುವವರು ಯಾರು?

ನಾವೇ ಹೇಳಬೇಕು. ಒಂದು ‘ಇನ್’, ಒಂದು ‘ಆನ್’ ಜಾಗ ತಪ್ಪೀತೆಂಬ ಅಂಜಿಕೆಯಿಂದ ಬ್ಯಾಂಕಿನಲ್ಲಿ, ಶಾಲೆಯ ಸಭೆಯಲ್ಲಿ ಬಾಯಿ ಮುಚ್ಚಿ ಕೂತ ಎಷ್ಟು ಹೆಂಗಸರನ್ನು ನಾನು ನೋಡಿದ್ದೇನೆ! ಮನೆಯ ಲೆಕ್ಕವೆಲ್ಲ ಬೆರಳ ತುದಿಯಲ್ಲಿರುವವರು ಅವರು. ತಪ್ಪು ತಿದ್ದುವವರು ತಿದ್ದಲಿ, ಬೇಡವೆನ್ನುವುದಿಲ್ಲ. ನಗುವ ಹಕ್ಕನ್ನು ಮಾತ್ರ ಅವರಿಗೆ ಯಾರೂ ಕೊಟ್ಟಿಲ್ಲ.

ಅಂದು ರಾತ್ರಿ ಅಡುಗೆಮನೆಯಲ್ಲಿ ಮಗಳನ್ನು ಕೂರಿಸಿಕೊಂಡು, ಒಂದು ‘ಇಂದ’ ಐದು ಇಂಗ್ಲಿಷ್ ಪದಗಳಾಗುವುದನ್ನು ಬರೆದು ತೋರಿಸಿದೆ. “ಹಾಗಾದ್ರೆ ನಮ್ ಟೀಚರ್‌ಗೆ ಇದು ಗೊತ್ತಿಲ್ವಾ?” ಎಂದು ಕೇಳಿದಳು. ಉತ್ತರ ಕೊಡಲಿಲ್ಲ. ಮುಂದಿನ ರಜೆ ಚೀಟಿಯನ್ನೂ ನಾನೇ ಬರೆದೆ. ‘ಸಿನ್ಸ್’ ಎಂದೇ ಬರೆದೆ. ಕೆಳಗೆ ಕನ್ನಡದಲ್ಲಿ ಸಹಿ ಹಾಕಿದೆ.