ಡಿಸ್ಕ್ ಜಾರಿದರೆ ಬದುಕು ಮುಗಿಯುವುದಿಲ್ಲ



ಬೆನ್ನಿನ ಡಿಸ್ಕ್ ಜಾರಿದವರಲ್ಲಿ ಬಹುಪಾಲು ಜನರ ನೋವು ಶಸ್ತ್ರಚಿಕಿತ್ಸೆಯಿಲ್ಲದೆ ಕೆಲವು ವಾರ, ತಿಂಗಳುಗಳಲ್ಲಿ ತಗ್ಗುತ್ತದೆ. ನೋವೇ ಇಲ್ಲದವರ ಎಂಆರ್‌ಐನಲ್ಲೂ ಉಬ್ಬಿದ ಡಿಸ್ಕ್ ಕಾಣುವುದುಂಟು. ಹಾಗಿದ್ದೂ ಅನೇಕರು ಮೂಲೆಗುಂಪಾಗುತ್ತಾರೆ: ಅಲುಗಾಡಿದರೆ ಕೆಡುತ್ತದೆಂಬ ಭಯ, ದಿನಗಟ್ಟಲೆ ಹಾಸಿಗೆ, ಖಿನ್ನತೆ. ಎಲ್ಲಕ್ಕಿಂತ ಮಿಗಿಲಾಗಿ ಹೊಟ್ಟೆಪಾಡು. ಇಲ್ಲಿನ ಎಪಿಎಂಸಿಯಲ್ಲಿ ಹಮಾಲಿಯೊಬ್ಬರು ಕಾಲಿಗಿಳಿಯುವ ನೋವಿನಲ್ಲೇ 75 ಕೆ.ಜಿ. ಭತ್ತದ ಚೀಲ ಬೆನ್ನಿಗೇರಿಸಿಕೊಳ್ಳುತ್ತಾರೆ. ಹೊತ್ತ ಚೀಲಕ್ಕಷ್ಟೇ ಕೂಲಿ. ಹಗುರ ಕೆಲಸ ಕೊಡುವವರಿಲ್ಲ. ಗಂಡಾಳು ಹೊರುವ ಭಾರ 55 ಕೆ.ಜಿ. ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ಚೀಲದ ತೂಕ ಇಳಿಸಬೇಕು, ತಾಲ್ಲೂಕು ಆಸ್ಪತ್ರೆಗಳಲ್ಲಿ ಫಿಸಿಯೊಥೆರಪಿ ದಿನವೂ ಸಿಗಬೇಕು. ಕಾಲು ಸೋತರೆ, ಮೂತ್ರ ಕಟ್ಟಿದರೆ ಮಾತ್ರ ಒಂದು ದಿನವೂ ಕಾಯದೆ ವೈದ್ಯರ ಬಳಿ ಓಡಬೇಕು.

– ಓದುಗ, ರಾಯಚೂರು ಜಿಲ್ಲೆ