ಕಲ್ಲಿನ ಮೇಲೆ ಅವರ ಹೆಸರು, ಖಜಾನೆಯಿಂದ ನಮ್ಮ ದುಡ್ಡು



ಮಾರ್ಚ್ ತಿಂಗಳು ಬಂತು ಅಂದ್ರೆ ಉಳ್ಳವರ ಕೈ ಇದ್ದಕ್ಕಿದ್ದಂತೆ ದೊಡ್ಡದಾಗುತ್ತೆ. ದಾನ ಕೊಡೋ ಮೊದಲೇ ಅವರು ಕೇಳೋದು, "80ಜಿ ರಸೀದಿ ಕೊಡ್ತೀರಾ?" ಈ 80ಜಿ ಏನು ಅಂತ ನಮ್ಮ ಹುಡುಗರು ತಿಳ್ಕೊಂಡಿರಬೇಕು.

ಹಳೇ ತೆರಿಗೆ ಪದ್ಧತಿಯಲ್ಲಿ 30% ತೆರಿಗೆ ಕಟ್ಟೋ ಒಬ್ಬರು, ಮಾನ್ಯತೆ ಪಡೆದ ಟ್ರಸ್ಟಿಗೆ 1 ಲಕ್ಷ ಕೊಟ್ಟರು ಅಂದ್ಕೊಳ್ಳಿ. ಸಾಮಾನ್ಯವಾಗಿ ಅದರಲ್ಲಿ ಅರ್ಧ, ಅಂದ್ರೆ 50 ಸಾವಿರ, ಅವರ ತೆರಿಗೆ ಲೆಕ್ಕದ ಆದಾಯದಿಂದ ಕಳೆದುಹೋಗುತ್ತೆ. ಅವರಿಗೆ 15 ಸಾವಿರ ತೆರಿಗೆ ಉಳಿತಾಯ. ಆ 15 ಸಾವಿರ ಖಜಾನೆಗೆ ಬರಬೇಕಿದ್ದ ದುಡ್ಡು. ಕಟ್ಟಡದ ಕಲ್ಲಿನ ಮೇಲೆ ಇರೋದು ಮಾತ್ರ ಅವರೊಬ್ಬರದೇ ಹೆಸರು.

ನಮ್ಮ ಕೇರಿಯಲ್ಲಿ ಯಾರಾದ್ರೂ ಸತ್ತರೆ ಮಣ್ಣಿನ ಖರ್ಚಿಗೆ ಮನೆಮನೆಯಿಂದ ದುಡ್ಡು ಎತ್ತುತ್ತೀವಿ. ಅಂಬೇಡ್ಕರ್ ಜಯಂತಿಗೆ ಮೂಟೆ ಅಕ್ಕಿ ಕೊಡ್ತೀವಿ. ಇದ್ಯಾವುದಕ್ಕೂ 80ಜಿ ಇಲ್ಲ. ವ್ಯಕ್ತಿಗೆ ಮಾಡಿದ ಸಹಾಯ, ವಸ್ತು ರೂಪದ ದಾನ ಕಾಯ್ದೆಯ ಲೆಕ್ಕಕ್ಕೇ ಬರಲ್ಲ. ಆದರೆ ಪೌರಕಾರ್ಮಿಕ ತಾಯಿ ಮೊಬೈಲ್ ರೀಚಾರ್ಜ್ ಮಾಡಿಸಿದ್ರೆ 18% ಜಿಎಸ್‌ಟಿ ತಪ್ಪಲ್ಲ.

ಇನ್ನೊಂದು ವಿಷಯ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ದೇವಸ್ಥಾನ, ಮಸೀದಿ, ಚರ್ಚ್, ಗುರುದ್ವಾರಗಳ ಜೀರ್ಣೋದ್ಧಾರದ ದಾನಕ್ಕೂ ಈ ವಿನಾಯಿತಿ ಇದೆ. ಅಯೋಧ್ಯೆಯ ರಾಮಮಂದಿರ ಟ್ರಸ್ಟಿಗೆ 2020ರಲ್ಲಿ ಸಿಕ್ಕಿತು. ಊರ ಗುಡಿಯ ಹೊಸಿಲು ದಾಟಲು ಇವತ್ತಿಗೂ ಹೆದರೋ ನಮ್ಮ ಜನ ಕಟ್ಟಿದ ತೆರಿಗೆಯೂ ಸೇರೋದು ಇದೇ ಖಜಾನೆಗೆ.

ಹಾಗಂತ 80ಜಿ ರದ್ದಾಗಲಿ ಅಂತ ನಾನು ಹೇಳ್ತಿಲ್ಲ. ಅದರಿಂದ ಎಷ್ಟೋ ಒಳ್ಳೆಯ ಹಾಸ್ಟೆಲ್, ಆಸ್ಪತ್ರೆಗಳೂ ನಡೀತಿವೆ. ನನ್ನದು ಎರಡೇ ಮಾತು.

ಒಂದು: "ನಿಮ್ದು ಜಾತಿ ಸಂಘ, 80ಜಿ ಸಿಗಲ್ಲ" ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಒಂದು ಜಾತಿಗೆ, ಒಂದು ಧರ್ಮಕ್ಕೆ ಸೀಮಿತವಾದ ಸಂಸ್ಥೆಗೆ ಇಲ್ಲ ಅನ್ನೋದು ನಿಜ. ಆದರೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು, ಮಕ್ಕಳಿಗಾಗಿ ಇರುವ ಸಂಸ್ಥೆಗಳಿಗೆ ಆ ನಿರ್ಬಂಧ ಅನ್ವಯಿಸಲ್ಲ ಅಂತ ಅದೇ ಕಲಮಿನ ವಿವರಣೆಯಲ್ಲಿದೆ. ನೋಂದಣಿ ಮಾಡಿಸಿ, ಲೆಕ್ಕಪತ್ರ ಸರಿಯಾಗಿಡಿ. ನೆನಪಿರಲಿ, 2,000 ರೂಪಾಯಿ ಮೀರಿದ ನಗದು ದಾನಕ್ಕೆ ವಿನಾಯಿತಿ ಇಲ್ಲ. ಬ್ಯಾಂಕ್ ಮೂಲಕವೇ ತಗೊಳ್ಳಿ.

ಎರಡು: ವಿನಾಯಿತಿ ಬಳಸೋ ಪ್ರತಿ ಸಂಸ್ಥೆಯೂ ಜನರಿಗೆ ಲೆಕ್ಕ ಕೊಡಬೇಕು. ಟ್ರಸ್ಟಿಗಳಲ್ಲಿ ದಲಿತರೆಷ್ಟು? ನೌಕರರಲ್ಲಿ ಎಷ್ಟು, ಕಸ ಗುಡಿಸೋರನ್ನ ಬಿಟ್ಟು? ಸೀಟು ಸಿಕ್ಕ ನಮ್ಮ ಮಕ್ಕಳೆಷ್ಟು? ಇದನ್ನು ಸಂಸ್ಥೆಗಳು ಪ್ರತಿ ವರ್ಷ ಪ್ರಕಟಿಸಲೇಬೇಕು ಅಂತ ಕಾನೂನು ಬರಲಿ.

ಬಾಬಾಸಾಹೇಬರು ಕೊಲಂಬಿಯಾದಲ್ಲಿ ಡಾಕ್ಟರೇಟ್ ಮಾಡಿದ್ದೇ ಸರ್ಕಾರಿ ಹಣಕಾಸಿನ ಮೇಲೆ. ಅವರ ಮಕ್ಕಳಾದ ನಾವು ಬಜೆಟ್ ದಿನ ನಮ್ಮ ಪಾಲೆಷ್ಟು ಅಂತ ಕೇಳಿದ್ರೆ ಮಾತ್ರ ಸಾಲದು. ಖಜಾನೆಗೆ ಬರಬೇಕಿದ್ದು ಬರದೇ ಎಲ್ಲಿ ಹೋಯ್ತು ಅಂತಲೂ ಕೇಳಬೇಕು.

ದಾನಿಗಳಿಗೆ ರಸೀದಿ ಸಿಕ್ಕಿದೆ. ಲೆಕ್ಕ ಸಿಗಬೇಕಾದ್ದು ನಮಗೆ. ಕೇಳೋಣ.