ಮದರಂಗಿಯ ಕೆಂಪು

ಶ್ರಾವಣ ಬಂತೆಂದರೆ ನಮ್ಮ ಶಾಲೆಯ ಬಾಲಿಕೆಯರ ಅಂಗೈಗಳಲ್ಲಿ ಬಳ್ಳಿಗಳು ಹಬ್ಬತೊಡಗುತ್ತವೆ. ಮದುವೆಯ ಮನೆಯಿಂದ ಮರಳಿದವಳ ಕೈಯಂತೂ ಮೊಣಕೈಯವರೆಗೆ ಚಿತ್ರಮಯ. ಇದನ್ನು ಶಿಸ್ತಿನ ಭಂಗವೆಂದು ಬಗೆದು ಗದರುವ ಗುರುಗಳು ಈ ಮುಂಬಯಿಯಲ್ಲಿ ಇಲ್ಲದಿಲ್ಲ. ನಾವು ಆ ಪಂಗಡಕ್ಕೆ ಸೇರಿದವರಲ್ಲ. ಎರಡು ಮೂರು ವಾರಗಳಲ್ಲಿ ತಾನಾಗಿ ಮಾಸುವ ಬಣ್ಣದಿಂದ ವಿದ್ಯೆಗೆ ಯಾವ ಕೇಡೂ ತಟ್ಟದು. ನಮ್ಮ ಆಕ್ಷೇಪವಿರುವುದು ಇತ್ತೀಚೆಗೆ ಕಾಣಬರುತ್ತಿರುವ ಕಪ್ಪು ಬಣ್ಣದ ಮೇಲೆ.

ಕರಾವಳಿಯವರು ಮದರಂಗಿಯೆಂದೂ, ಘಟ್ಟದ ಮೇಲಿನ ಅನೇಕರು ಗೋರಂಟಿಯೆಂದೂ, ನಮ್ಮ ನೆರೆಯ ಮರಾಠಿಗರು ಮೇಂದಿಯೆಂದೂ ಕರೆಯುವ ಗಿಡ ಒಂದೇ. ಕರಾವಳಿಯಲ್ಲಿ ಮದುವೆಯ ಮುನ್ನಾದಿನ ಅದನ್ನು ಹಚ್ಚುವುದು ಒಂದು ಶಾಸ್ತ್ರವೇ ಸರಿ. ಅನೇಕ ಮನೆಗಳಲ್ಲಿ ವರನೂ ಕೈಯೊಡ್ಡಬೇಕು. (ನಗುವ ಬಾಲಕರು ಇದನ್ನು ನೆನಪಿಡಲಿ!) ನಮ್ಮ ತಾಯಂದಿರು ಹಸಿಯೆಲೆಯನ್ನು ಕೊಯ್ದು, ತುಸು ಹುಳಿ ಕೂಡಿಸಿ, ಒರಳಿನಲ್ಲಿ ನುಣ್ಣಗೆ ಅರೆಯುತ್ತಿದ್ದರು. ಅಂಗೈಯ ನಡುವೆ ದುಂಡನೆಯ ದೊಡ್ಡ ಬೊಟ್ಟು, ಸುತ್ತಲೂ ಚಿಕ್ಕ ಬೊಟ್ಟುಗಳು, ಬೆರಳ ತುದಿಗಳಿಗೆ ಟೊಪ್ಪಿಗೆ. ಚಿತ್ರವೆಂದರೆ ಇಷ್ಟೇ. ಬೆಳಗಾಗುವವರೆಗೆ ಕೈ ಅಲುಗಿಸದೆ ಮಲಗುವುದೇ ಮಕ್ಕಳ ಪಾಲಿನ ತಪಸ್ಸು.

ಆ ಕಾಯುವಿಕೆಗೆ ಕಾರಣವುಂಟು. ಎಲೆಯಲ್ಲಿರುವ ಲಾಸೋನ್ ಎಂಬ ವರ್ಣದ್ರವ್ಯವು ಚರ್ಮದ ಮೇಲ್ಪದರದ ಕೆರಟಿನ್ನಿನೊಡನೆ ಮೆಲ್ಲಮೆಲ್ಲನೆ ಬೆಸೆದುಕೊಳ್ಳಬೇಕು. ಅಂಗೈ ಅಂಗಾಲುಗಳಲ್ಲಿ ಆ ಪದರ ದಪ್ಪವಾದುದರಿಂದ ಅಲ್ಲಿ ಬಣ್ಣ ಗಾಢ. ಲೇಪವನ್ನು ಆರೆಂಟು ಗಂಟೆ ಬಿಟ್ಟು, ನೀರು ತಾಗಿಸದೆ ಉದುರಿಸಿ, ಕೊಬ್ಬರಿ ಎಣ್ಣೆ ಸವರಿದರೆ ಮೊದಲು ಕಿತ್ತಳೆಯಾಗಿ ಕಾಣುವುದು ಒಂದೆರಡು ದಿನಗಳಲ್ಲಿ ಕೆಂಗಂದಾಗುತ್ತದೆ.

ಹಾಗಾದರೆ ಗಂಟೆಯೊಳಗೆ ಕರ್ರಗಾಗುವ ಲೇಪವು ಮದರಂಗಿಯೇ? ಖಂಡಿತ ಅಲ್ಲ. ಕೂದಲಿಗೆ ಹಚ್ಚುವ ಕಪ್ಪು ಬಣ್ಣಗಳಲ್ಲಿರುವ ಪ್ಯಾರಾಫೆನಿಲೀನ್‌ಡೈಅಮೀನ್ ಎಂಬ ರಾಸಾಯನಿಕವನ್ನು ಇಂತಹ ಲೇಪಗಳಲ್ಲಿ ಬೆರೆಸುವುದುಂಟು. ಅದರಿಂದ ತುರಿಕೆಯೆದ್ದು, ಬೊಕ್ಕೆಗಳು ಮೂಡಿ, ಬಿಡಿಸಿದ ಹೂಬಳ್ಳಿಯ ಆಕಾರದಲ್ಲಿಯೇ ಕಲೆ ಉಳಿದೀತು. ಒಮ್ಮೆ ದೇಹ ಅದಕ್ಕೆ ಮುನಿಯಿತೆಂದರೆ ಆ ಮುನಿಸು ಸಾಮಾನ್ಯವಾಗಿ ಜೀವಮಾನದ್ದು. ಮುಂದೆಂದೋ ತಲೆಗೂದಲಿಗೆ ಬಣ್ಣ ಹಚ್ಚಿದಾಗಲೂ ಮುಖ ಬಾತುಕೊಳ್ಳಬಹುದು. ಮೊದಲ ಸಲ ಏನೂ ಆಗಲಿಲ್ಲವೆಂಬುದು ಎರಡನೆಯ ಸಲಕ್ಕೆ ರಕ್ಷೆಯಲ್ಲ. ಹಸುಗೂಸುಗಳಿಗೆ ಮಾತ್ರ ಶುದ್ಧ ಮದರಂಗಿಯೂ ಬೇಡ. ಜಿ ಸಿಕ್ಸ್ ಪಿ ಡಿ ಎಂಬ ಕಿಣ್ವದ ಕೊರತೆಯುಳ್ಳ ಶಿಶುಗಳಲ್ಲಿ ಅದು ರಕ್ತಕಣಗಳನ್ನು ಒಡೆಯಬಲ್ಲುದು.

ನಗರದಲ್ಲಿ ಗಿಡವೆಲ್ಲಿ, ಒರಳೆಲ್ಲಿ ಎಂದು ನೀವು ಕೇಳುವುದು ನ್ಯಾಯವೇ. ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್ ಮೆಹಂದಿ 2021ರಲ್ಲಿ ಭೌಗೋಳಿಕ ಗುರುತು ಪಡೆದಿದೆ; ಬೇರೇನೂ ಬೆರೆಸದ ಎಲೆಯ ಪುಡಿಯನ್ನು ತಂದು ಮನೆಯಲ್ಲಿಯೇ ಕಲಸಬಹುದು. ಒಳಗೇನಿದೆಯೆಂದು ಬರೆಯದ ಕೋನನ್ನು, ಅದು ಎಷ್ಟೇ ಅಗ್ಗವಾಗಿರಲಿ, ಕೊಳ್ಳಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ. ಗಿಡವೂ ಅಸಾಧ್ಯವಲ್ಲ. ಬಿಸಿಲಿದ್ದರೆ ಕುಂಡದಲ್ಲಿಯೂ ಬೆಳೆದೀತು, ಕಡ್ಡಿಯಿಂದಲೂ ಚಿಗುರೀತು. ಮೇ ತಿಂಗಳ ರಜೆಗೆ ಊರಿಗೆ ಹೋಗುವವರು ಒಂದೆರಡು ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿರಿ. ಕುಂಡ, ಮಣ್ಣು ನಮ್ಮವು.